ಸೂಜಿ ಬಾರದ ಕೋಣೆಗೆ ಸೂಜಿ ಕಳಿಸಿದವರಿಗೆ

ಮಕ್ಕಳ ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯಲ್ಲಿ, ರಕ್ತ ಕೊಡುವ ವಾರ್ಡಿನ ಪಕ್ಕದಲ್ಲಿ, ಮಕ್ಕಳದ್ದು ಅಂತ ಒಂದೇ ಒಂದು ಕೋಣೆ ಇತ್ತು. ಅದನ್ನು ನೀವು ಕಿತ್ತುಕೊಂಡಿರಿ. ಬೀಗ ಜಡಿದು ಕಿತ್ತುಕೊಂಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಬೀಗ ಬಿದ್ದ ಕೋಣೆಗಳನ್ನು ಈ ವಯಸ್ಸಿಗೆ ಬೇಕಾದಷ್ಟು ನೋಡಿದ್ದೇನೆ. ನೀವು ಹಾಗೆ ಮಾಡಲಿಲ್ಲ. ಬಾಗಿಲು ತೆರೆದೇ ಇಟ್ಟಿರಿ, ಆಟಿಕೆಗಳನ್ನು ಇದ್ದಲ್ಲೇ ಬಿಟ್ಟಿರಿ, ಗೋಡೆಗೆ ಹೊಸ ಬಣ್ಣ ಬಳಿಸಿದಿರಿ, ಆಮೇಲೆ ಒಳಗೆ ಸೂಜಿ ಕಳಿಸಿದಿರಿ. ಅದರಿಂದ ನನ್ನ ಮೊಮ್ಮಗಳಿಗೆ ಏನಾಯಿತು ಎಂದು ನಿಮಗೆ ತಿಳಿಸಲು ಕೊಟ್ಟ ಮನವಿಗಳೆಲ್ಲ ನಿಮ್ಮ ಆಪ್ತ ಸಹಾಯಕರ ಮೇಜಿನ ಮೇಲೆ ಸುಖನಿದ್ರೆಯಲ್ಲಿವೆ. ಆದ್ದರಿಂದ ಊರೆಲ್ಲ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಯಾರು ಎಂಬ ಪ್ರಶ್ನೆ ನಿಮಗೆ ಬರಬಹುದು, ಬರದೆಯೂ ಇರಬಹುದು. ನಾನು ನಿವೃತ್ತ ಬೆರಳಚ್ಚುಗಾರ್ತಿ. ನಿಮ್ಮದಲ್ಲದ ಇನ್ನೊಂದು ಕಚೇರಿಯಲ್ಲಿ, ನಿಮ್ಮಂಥವರೇ ಹೇಳಿ ಬರೆಸಿದ ಆದೇಶಗಳನ್ನು ತಲೆ ಎತ್ತದೆ ಟೈಪು ಮಾಡಿ ಬೆರಳು ಸವೆಸಿದವಳು. 'ಪ್ರಾಯೋಗಿಕವಾಗಿ' ಎಂದರೆ ಶಾಶ್ವತವಾಗಿ ಎಂದೂ, 'ಪರಿಶೀಲನೆಯಲ್ಲಿದೆ' ಎಂದರೆ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ ಎಂದೂ, 'ಸಂಬಂಧಪಟ್ಟವರೊಂದಿಗೆ ಚರ್ಚಿಸಿ' ಎಂದರೆ ಯಾರನ್ನೂ ಕೇಳದೆ ಎಂದೂ ನನಗೆ ಬಾಯಿಪಾಠ. ಹಾಗಾಗಿ ವಾರ್ಡಿನ ಗೋಡೆಯ ಮೇಲೆ ನಿಮ್ಮ ಸುತ್ತೋಲೆ ಕಂಡಾಗ ಅದರ ಭಾಷೆ ನನಗೆ ಹೊಸದೆನಿಸಲಿಲ್ಲ. 'ಲಭ್ಯ ಸ್ಥಳಾವಕಾಶದ ಸಮರ್ಪಕ ಬಳಕೆ ಹಾಗೂ ಮಕ್ಕಳಸ್ನೇಹಿ ಚುಚ್ಚುಮದ್ದು ವ್ಯವಸ್ಥೆ, ಪ್ರಾಯೋಗಿಕವಾಗಿ, ಸಂಬಂಧಪಟ್ಟವರೊಂದಿಗೆ ಚರ್ಚಿಸಿ' ಎಂದು ಅದರಲ್ಲಿತ್ತು. ಟೈಪು ಮಾಡಿದವರ ಕೆಲಸ ಅಚ್ಚುಕಟ್ಟಾಗಿತ್ತು, ಒಂದು ತಪ್ಪೂ ಇರಲಿಲ್ಲ. ಆ ಪುಣ್ಯಾತ್ಮರ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಮೊಮ್ಮಗಳಿಗೆ ಎಂಟು ವರ್ಷ. ಅವಳ ಮೈ ತನಗೆ ಬೇಕಾದಷ್ಟು ರಕ್ತವನ್ನು ತಾನೇ ಮಾಡಿಕೊಳ್ಳುವುದಿಲ್ಲ. ಹುಟ್ಟಿನಿಂದ ಬಂದದ್ದು, ಸಾಯುವತನಕ ಇರುವಂಥದ್ದು. ತಿಂಗಳಿಗೊಮ್ಮೆ ಯಾರೋ ಕಾಣದ ಪುಣ್ಯಾತ್ಮರ ರಕ್ತವನ್ನು ಅವಳ ಕೈಗೆ ಏರಿಸಿಕೊಂಡು ಬರಬೇಕು. ಹೋದ ವರ್ಷ ಅವಳ ಗುಲ್ಮವನ್ನು, ಸೋಂಕು ತಡೆಯುವ ಅಂಗವನ್ನು, ತೆಗೆದುಹಾಕಿದರು. ಅಂದಿನಿಂದ ವೈದ್ಯರು ನಮ್ಮ ಕಿವಿ ಹಿಂಡಿ ಹೇಳಿದ ಮಾತು ಒಂದೇ: ಈ ಮಗುವಿಗೆ ಜ್ವರ ಬಂದರೆ ಕಾಯಬೇಡಿ, ಕಷಾಯ ಮಾಡುತ್ತ ಕೂರಬೇಡಿ, ಬೆಳಗಾಗಲಿ ಎನ್ನಬೇಡಿ, ಹೊತ್ತುಕೊಂಡು ಬನ್ನಿ. ಬೇರೆ ಮಕ್ಕಳಿಗೆ ಜ್ವರ ಎಂದರೆ ಶಾಲೆಗೆ ರಜೆ. ಇವಳಿಗೆ ಜ್ವರ ಎಂದರೆ ಪ್ರಾಣದ ಪ್ರಶ್ನೆ. ಅದನ್ನು ನಮಗಿಂತ ಮೊದಲು ತಿಳಿಯುವವಳು ಅವಳೊಬ್ಬಳೇ, ಅವಳು ಬಾಯಿಬಿಟ್ಟು ಹೇಳಿದರೆ ಮಾತ್ರ ನಮಗೂ ತಿಳಿಯುತ್ತದೆ.

ಅವಳಮ್ಮ, ಎಂದರೆ ನನ್ನ ಮಗಳು, ಬ್ರೆಡ್ಡಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾಳೆ. ಅವಳಪ್ಪ ಈ ಪತ್ರದಲ್ಲಿಲ್ಲ, ಮನೆಯಲ್ಲೂ ಇಲ್ಲ. ಹೀಗಾಗಿ ಆಸ್ಪತ್ರೆಯ ಓಡಾಟ ನನ್ನ ಪಾಲಿನದು. ನಿಮ್ಮ ಕಾರಿಡಾರಿನ ಯಾವ ಬೆಂಚು ಅಲ್ಲಾಡುತ್ತದೆ, ಯಾವ ನಲ್ಲಿಯಲ್ಲಿ ನೀರು ಬರುವುದಿಲ್ಲ, ಯಾವ ಲಿಫ್ಟು ಅಧಿಕಾರಿಗಳು ಬಂದ ದಿನ ಮಾತ್ರ ಕೆಲಸ ಮಾಡುತ್ತದೆ, ಇವೆಲ್ಲ ನನಗೆ ನನ್ನ ಅಡುಗೆಮನೆಯಷ್ಟೇ ಪರಿಚಿತ.

ನರ್ಸುಗಳು ನನ್ನ ಮೊಮ್ಮಗಳನ್ನು 'ಲಾಯರಮ್ಮ' ಎಂದು ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ. ಚುಚ್ಚುವ ಕೋಣೆಗೆ ಹೋದರೆ ಮೊದಲು ಷರತ್ತುಗಳ ಮಾತುಕತೆ. ಯಾವ ಕೈ ಎಂದು ತೀರ್ಮಾನಿಸುವವಳು ಅವಳು. ಮೊದಲನೆಯ ಸಲ ನರ ಸಿಗದಿದ್ದರೆ ಎರಡನೆಯ ಸಲಕ್ಕೆ ಬೇರೆ ಸಿಸ್ಟರ್ ಬರಬೇಕು. 'ಏನೂ ನೋವಾಗಲ್ಲ' ಎಂದು ಸುಳ್ಳು ಹೇಳಿದವರಿಗೆ ಕೈ ಕೊಡುವುದಿಲ್ಲ. ಮೇಲೆ ಅಂಟಿಸುವ ಪಟ್ಟಿ ಎಲ್ಲಿಂದ ಎಲ್ಲಿಗೆ ಬರಬೇಕೆಂಬುದೂ ಮೊದಲೇ ನಿಗದಿಯಾಗಬೇಕು. ಎಲ್ಲ ಮುಗಿದ ಮೇಲೆ ತನ್ನ ಕಡೆಯ ಮಾತು ಕೊಡುತ್ತಿದ್ದಳು: "ಅಳ್ತೀನಿ. ಆದ್ರೆ ಕೈ ಅಲ್ಲಾಡ್ಸಲ್ಲ." ಹಾಗೇ ನಡೆದುಕೊಳ್ಳುತ್ತಿದ್ದಳು ಕೂಡ. ಸೂರು ಹಾರಿ ಹೋಗುವಂತೆ ಅಳುತ್ತಿದ್ದಳು, ಕೈ ಮಾತ್ರ ಮೇಜಿನ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಸಂತೆಯಲ್ಲಿ ವ್ಯಾಪಾರಕ್ಕೆ ಇಳಿದರೆ ನನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾಳೆ ಎಂದು ನಾನು ನಗುತ್ತಿದ್ದೆ.

ಈ ಧೈರ್ಯ ಅವಳಿಗೆ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ಕೇಳುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ಪಕ್ಕದ ಆ ಕೋಣೆಯಿಂದ ಬಂತು.

ಕೋಣೆ ದೊಡ್ಡದೇನಲ್ಲ. ಒಂದು ಕಿಟಕಿ, ಸವೆದ ಚಾಪೆ, ಚಕ್ರ ಕಳಚಿದ ಮರದ ಲಾರಿ, ಆಟದ ಒಲೆ ಪಾತ್ರೆ, ಹೊಟ್ಟೆಯ ಹತ್ತಿ ಹೊರಗೆ ಬಂದ ಒಂದು ಕರಡಿ. ಗುಜರಿಯವನು ಕೂಡ ಎರಡು ಸಲ ಯೋಚಿಸುವಂಥ ಸಾಮಾನುಗಳು. ಮಕ್ಕಳು ಅಲ್ಲಿಗೆ ಓಡುತ್ತಿದ್ದದ್ದು ಅವುಗಳಿಗಾಗಿ ಅಲ್ಲ, ಅಲ್ಲಿನ ಕಾಯಿದೆಗಾಗಿ. ಹೊಸ್ತಿಲಿಗೆ ಅಡ್ಡಲಾಗಿ ಒಂದು ಹಳದಿ ಗೆರೆ ಎಳೆದಿತ್ತು. ಸೂಜಿ, ಸಿರಿಂಜು, ಕೈಗವಸು, ಔಷಧದ ತಟ್ಟೆ, ಯಾವುದೂ ಆ ಗೆರೆ ದಾಟಿ ಒಳಗೆ ಬರುವಂತಿರಲಿಲ್ಲ. ಯಾರ ಸರದಿ ಬಂತೋ ಆ ಮಗುವನ್ನು ಗೆರೆಯ ಆಚೆ ನಿಂತು ಹೆಸರು ಹಿಡಿದು ಕರೆಯಬೇಕು. ಈ ಆಟ ಮುಗಿಸಿ ಬರುತ್ತೇನೆ ಎಂದರೆ ಆ ಒಂದು ಆಟದ ಮಟ್ಟಿಗೆ ಕಾಯಬೇಕು. ಆಮೇಲೆ ಮಗು ತಾನಾಗಿ ಎದ್ದು, ತಾನಾಗಿ ಗೆರೆ ದಾಟಿ, ಚುಚ್ಚುವ ಕೋಣೆಗೆ ಹೋಗುತ್ತಿತ್ತು. ಅಳುತ್ತಲೇ ಹೋಗುತ್ತಿತ್ತು, ಆದರೆ ತನ್ನ ಕಾಲ ಮೇಲೆ ನಡೆದುಕೊಂಡು ಹೋಗುತ್ತಿತ್ತು.

ಮಕ್ಕಳನ್ನು ಆಡಿಸಲು ಅಲ್ಲಿ ಒಬ್ಬ ಹೆಂಗಸು ಇದ್ದಳು. ಎಲ್ಲರೂ ಅವಳನ್ನು ಆಟದಕ್ಕ ಎನ್ನುತ್ತಿದ್ದರು. ಗೆರೆ ಕಾಯುವುದೇ ಅವಳ ದೊಡ್ಡ ಕೆಲಸ. ಒಂದು ದಿನ ನಿಮ್ಮ ಹಿರಿಯ ವೈದ್ಯರೊಬ್ಬರು ಏನೋ ಯೋಚನೆಯಲ್ಲಿ ಕೈಗವಸು ಹಾಕಿಕೊಂಡೇ ಒಳಗೆ ಕಾಲಿಟ್ಟುಬಿಟ್ಟರು. ಆಟ ನಿಂತಿತು. ಅಲ್ಲೇ ನ್ಯಾಯಾಲಯ ಸೇರಿತು. ಫಿರ್ಯಾದಿ ಪರ ವಾದಿಸಿದವಳು ಯಾರೆಂದು ಬೇರೆ ಹೇಳಬೇಕಿಲ್ಲ. ವೈದ್ಯರು ಒಂಟಿ ಕಾಲಲ್ಲಿ ನಿಲ್ಲಬೇಕೆಂದು ತೀರ್ಪಾಯಿತು, ಅವರು ನಿಂತರು, ತಲೆ ಬೋಳಾದ ಮಕ್ಕಳೂ ಕೈಗೆ ನಳಿಗೆ ಸಿಕ್ಕಿಸಿಕೊಂಡ ಮಕ್ಕಳೂ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಆ ವೈದ್ಯರು ಹೊಸ್ತಿಲಲ್ಲಿ ನಿಂತು ಎರಡೂ ಅಂಗೈ ಬಿಚ್ಚಿ ತೋರಿಸಿಯೇ ಒಳಗೆ ಬರುತ್ತಿದ್ದರು. ಅವರನ್ನು ಕಂಡರೆ ನನ್ನ ಮೊಮ್ಮಗಳಿಗೆ ಪ್ರಾಣ.

ಈಗ ನಿಮ್ಮ ಪ್ರವೇಶ. ನೀವು ಅಧಿಕಾರ ವಹಿಸಿಕೊಂಡ ಹೊಸದರಲ್ಲಿ ಪರಿವಾರ ಸಮೇತ ವಾರ್ಡು ನೋಡಲು ಬಂದಿರಿ. ಲಿಫ್ಟು ಅಂದು ಕೆಲಸ ಮಾಡಿತು. ಚುಚ್ಚುವ ಕೋಣೆಯಲ್ಲಿ ಒಂದು ಮಗು ಕಿರುಚುತ್ತಿತ್ತು, ನೀವು ಹುಬ್ಬು ಗಂಟಿಕ್ಕಿದಿರಿ. ಪಕ್ಕದ ಕೋಣೆಯಲ್ಲಿ ಮಕ್ಕಳು ಆಡುತ್ತಿದ್ದರು, ನಿಮ್ಮ ಮುಖ ಅರಳಿತು. ಇಲ್ಲಿ ಇಷ್ಟು ಶಾಂತವಾಗಿದ್ದಾರಲ್ಲ ಎಂದು ಕೇಳಿದಿರಿ. ಆಟದಕ್ಕ ಗೆರೆಯ ವಿಷಯ ಹೇಳತೊಡಗಿದಳು, ನೀವು ಅರ್ಧ ಕೇಳಿಸಿಕೊಂಡಿರಿ. ಆಮೇಲೆ ಪಕ್ಕದವರ ಕಡೆ ತಿರುಗಿ ನೀವು ಹೇಳಿದ ಮಾತನ್ನು ನಾನು ಬಾಗಿಲ ಬಳಿಯ ಅಲ್ಲಾಡುವ ಬೆಂಚಿನ ಮೇಲೆ ಕೂತು ನನ್ನ ಕಿವಿಯಾರೆ ಕೇಳಿದ್ದೇನೆ: "ಇಲ್ಲಿ ಖುಷಿಯಾಗಿರ್ತಾರೆ ಅಂದ್ಮೇಲೆ ಇಲ್ಲೇ ಚುಚ್ಚಿದ್ರಾಯ್ತಲ್ಲ?"

ಪರಿವಾರದವರು ತಲೆಯಾಡಿಸಿದರು. ತಲೆಯಾಡಿಸುವುದಕ್ಕೆಂದೇ ಬಂದವರು ಇನ್ನೇನು ಮಾಡಿಯಾರು?

ನಿಮ್ಮನ್ನು ದುಷ್ಟರು ಎಂದು ನಾನು ಹೇಳುವುದಿಲ್ಲ. ಮಕ್ಕಳ ಕಿರುಚಾಟ ಕೇಳಿ ನಿಮಗೆ ಕರುಳು ಚುರುಕ್ ಎಂದಿರಲೂಬಹುದು. ನರ್ಸುಗಳು ಕಡಿಮೆ, ಜಾಗ ಕಡಿಮೆ, ಮಕ್ಕಳನ್ನು ಕರೆದು ಕಾದು ಕೂರುವಷ್ಟು ಪುರುಸೊತ್ತು ಯಾರಿಗೂ ಇಲ್ಲ ಎಂಬುದೂ ನಿಜ. ಎರಡು ಕೋಣೆ ಮಾಡುವ ಕೆಲಸವನ್ನು ಒಂದೇ ಕೋಣೆ ಮಾಡಿದರೆ ಇನ್ನೊಂದು ಉಳಿಯಿತಲ್ಲ ಎಂದು ಯಾವ ಅಧಿಕಾರಿಗಾದರೂ ಹೊಳೆಯುತ್ತದೆ. ಆದರೆ ಒಂದು ಮಾತು ಕೇಳುತ್ತೇನೆ. ನೀವು ನಿಮ್ಮ ಹಾಸಿಗೆಯಲ್ಲಿ ನೆಮ್ಮದಿಯಾಗಿರುತ್ತೀರಿ ಎಂದು ಗೊತ್ತಾಗಿ ಹಲ್ಲಿನ ಡಾಕ್ಟರು ಇಕ್ಕಳ ಹಿಡಿದುಕೊಂಡು ಅಲ್ಲಿಗೇ ಬಂದರೆ ಹೇಗಿರುತ್ತದೆ? ಒಂದೇ ಒಂದು ಸಲ ಬರಲಿ ಸಾಕು. ಆಮೇಲೆ ಅವರು ಬರಲಿ ಬಿಡಲಿ, ಆ ಹಾಸಿಗೆಯಲ್ಲಿ ನಿಮಗೆ ಮತ್ತೆ ನಿದ್ದೆ ಬರುತ್ತದೆಯೇ? ಮಕ್ಕಳು ಅಲ್ಲಿ ಖುಷಿಯಾಗಿದ್ದದ್ದು ಅಲ್ಲಿ ಯಾರೂ ಚುಚ್ಚುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ಪರಿವಾರದಲ್ಲಿ ಒಬ್ಬರಿಗೂ ತಿಳಿಯಲಿಲ್ಲವೆಂದರೆ ನಾನು ನಂಬಲಾರೆ. ತಿಳಿದಿತ್ತು, ಹೇಳಲಿಲ್ಲ, ಅಷ್ಟೇ.

ನಮ್ಮ ಸರದಿಯ ದಿನ ನಾವು ಎಂದಿನಂತೆ ಬಂದೆವು. ನನಗೆ ಏನೂ ಗೊತ್ತಿರಲಿಲ್ಲ. ಗೋಡೆಗಳ ಬಣ್ಣ ಬದಲಾಗಿತ್ತು, ಮೇಲಿನಿಂದ ಬಲೂನು ತೂಗುತ್ತಿದ್ದವು, ಹಳದಿ ಗೆರೆಯ ಮೇಲೆ ಹೊಸ ರಬ್ಬರ್ ಹಾಸು ಬಿದ್ದಿತ್ತು. ಆಟದಕ್ಕ ಕಾಣಲಿಲ್ಲ. ಕೆಳಗಿನ ಟೋಕನ್ ಕೌಂಟರಿಗೆ ಹಾಕಿದ್ದಾರೆಂದು ಆಮೇಲೆ ತಿಳಿಯಿತು. ನಾನೇ ಮೊಮ್ಮಗಳಿಗೆ, ಹೋಗಮ್ಮ, ಕರೆಯುವತನಕ ಆಡಿಕೋ ಎಂದೆ. ಅವಳು ಚಪ್ಪಲಿ ಬಿಟ್ಟು ಓಡಿದಳು. ಕರಡಿಯನ್ನು ಗೋಡೆಗೊರಗಿಸಿ ಕೂರಿಸಿ, ಒಲೆ ಹಚ್ಚಿದಂತೆ ಮಾಡಿ, ಅದಕ್ಕೆ ಟೀ ಕಾಯಿಸತೊಡಗಿದಳು. ಒಬ್ಬ ಹೊಸ ಸಿಸ್ಟರ್ ಬಂದು ಅವಳ ಪಕ್ಕ ಚಾಪೆಯ ಮೇಲೆ ಕೂತಳು. ತನಗೂ ಒಂದು ಲೋಟ ಬೇಕೆಂದು ನಗುತ್ತ ಕೇಳಿದಳು. ಮೊಮ್ಮಗಳು ಆಟದ ಲೋಟ ಮುಂದೆ ಚಾಚಿದಳು. ಚಾಚಿದ ಆ ಕೈಯನ್ನೇ ಸಿಸ್ಟರ್ ಹಿಡಿದುಕೊಂಡಳು. ಇನ್ನೊಬ್ಬರು ಹಿಂದಿನಿಂದ ಭುಜ ಅದುಮಿದರು. ನಾನು ಎದ್ದು ನಿಲ್ಲುವಷ್ಟರಲ್ಲಿ ಸೂಜಿ ಒಳಗಿತ್ತು.

ಅವಳು ಅಳಲಿಲ್ಲ, ಮಾನ್ಯರೇ. ಸೂಜಿಯನ್ನೂ ನೋಡಲಿಲ್ಲ, ಸಿಸ್ಟರನ್ನೂ ನೋಡಲಿಲ್ಲ. ತಲೆ ತಿರುಗಿಸಿ ನನ್ನನ್ನು ನೋಡಿದಳು. "ಅಜ್ಜೀ, ಇದು ನಮ್ಮ ಕೋಣೆ ಅಲ್ವಾ?" ಎಂದಳು.

ನಾನು ಏನು ಹೇಳಬೇಕಿತ್ತು? ಲಭ್ಯ ಸ್ಥಳಾವಕಾಶದ ಸಮರ್ಪಕ ಬಳಕೆ ಎನ್ನಬೇಕಿತ್ತೇ? ಆ ಸಿಸ್ಟರೂ ಹೇಳಿದ್ದನ್ನು ಮಾಡಿದವಳು. ಕಣ್ಣೆತ್ತಿ ನನ್ನನ್ನು ನೋಡದೆ ಪಟ್ಟಿ ಅಂಟಿಸಿ ಹೋದಳು. ರಕ್ತ ಏರುತ್ತಿದ್ದ ಅಷ್ಟು ಹೊತ್ತೂ ಮೊಮ್ಮಗಳು ಬಾಗಿಲನ್ನೇ ನೋಡುತ್ತ ವಾರ್ಡಿನ ಮಂಚದ ಮೇಲೆ ಬಿದ್ದಿದ್ದಳು. ನನಗೆ ಅಂದು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಮರುದಿನವೇ ನಿಮ್ಮನ್ನು ನೋಡಲು ಬಂದೆ. ನಿಮಗೆ ನೆನಪಿರಲಿಕ್ಕಿಲ್ಲ. ಕೈಯಲ್ಲಿ ಚೀಲ ಹಿಡಿದ ಮುದುಕಿಯರು ದಿನಕ್ಕೆಷ್ಟೋ ಮಂದಿ ಬರುತ್ತಾರೆ. ಬಹಳ ಹೊತ್ತು ಕಾಯಿಸಿದ ಮೇಲೆ ಒಳಗೆ ಬಿಟ್ಟರು. ನೀವು ಕೂರಲು ಹೇಳಿದಿರಿ, ನೀರು ತರಿಸಿದಿರಿ, ಸೌಜನ್ಯದಲ್ಲಿ ಕೊರತೆ ಮಾಡಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಹೊಸ ವ್ಯವಸ್ಥೆ ಬಂದ ಮೇಲೆ ವಾರ್ಡಿನಲ್ಲಿ ಅಳು ಎಷ್ಟು ಕಡಿಮೆಯಾಗಿದೆ ಎಂಬುದರ ವರದಿಯೇ ಇದೆ ಎಂದು ನೀವು ಹೇಳಿದಿರಿ. ಬೇರೆ ಆಸ್ಪತ್ರೆಗಳವರೂ ನೋಡಲು ಬರುತ್ತಿದ್ದಾರೆ ಎಂದಿರಿ. ಕೊನೆಗೆ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ, "ಮಕ್ಕಳು ಬೇಗ ಮರೀತಾರಮ್ಮ. ನಾವು ದೊಡ್ಡವರು ಹಿಡ್ಕೊಂಡು ಕೂತಿರ್ತೀವಿ" ಎಂದಿರಿ.

ಅಳು ಕಡಿಮೆಯಾದದ್ದು ನಿಜ, ಆ ವರದಿಯಲ್ಲಿ ಸುಳ್ಳಿಲ್ಲ. ನಾನೇ ಸಾಕ್ಷಿ. ಆಮೇಲಿನ ತಿಂಗಳು ನನ್ನ ಮೊಮ್ಮಗಳು ಆ ಕೋಣೆಗೆ ಕಾಲಿಡಲಿಲ್ಲ, ಕಾರಿಡಾರಿನಲ್ಲಿ ನನ್ನ ಸೆರಗು ಹಿಡಿದು ನಿಂತಳು. ಎತ್ತಿಕೊಂಡು ಹೋದರು. ಅಳಲಿಲ್ಲ. ಯಾವ ಕೈ ಎಂದು ಒಬ್ಬ ಹಳೆಯ ಸಿಸ್ಟರ್ ಪ್ರೀತಿಯಿಂದ ಕೇಳಿದರೆ ಉತ್ತರವಿಲ್ಲ. ಷರತ್ತಿಲ್ಲ, ವಾದವಿಲ್ಲ, ಲಾಯರಮ್ಮನ ವಕೀಲಿಕೆ ಮುಗಿದಿತ್ತು. ಮೈ ಮಾತ್ರ ಕಟ್ಟಿಗೆಯ ಹಾಗೆ ಬಿಗಿದುಕೊಂಡಿತ್ತು. ನರ ಸಿಗದೆ ಎರಡೂ ಕೈ ಚುಚ್ಚಿ, ಕೊನೆಗೆ ಪಾದದಲ್ಲಿ ಹುಡುಕಿದರು. ಮುಂಚೆ ಆಡುತ್ತಿದ್ದ ಬೇರೆ ಮಕ್ಕಳೂ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು, ಬಾಗಿಲನ್ನೇ ನೋಡುತ್ತಿದ್ದರು. ಕರಡಿಯನ್ನು ಯಾರೂ ಮುಟ್ಟಿರಲಿಲ್ಲ. ಕೋಣೆ ನಿಜಕ್ಕೂ ಬಹಳ ಶಾಂತವಾಗಿತ್ತು. ಇದನ್ನು ನೋಡಿ ಬೆನ್ನು ತಟ್ಟಿಕೊಳ್ಳಲು ಎಂಥ ಎದೆ ಬೇಕು?

ಮಕ್ಕಳು ಮರೆಯುತ್ತಾರೆ ಎಂದಿರಲ್ಲ, ಅವಳು ಹೇಗೆ ಮರೆತಳು ಎಂದು ಹೇಳುತ್ತೇನೆ. ಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟಳು. ಯಾರಾದರೂ ನಗುತ್ತ ಹತ್ತಿರ ಬಂದರೆ ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಪಕ್ಕದ ಮನೆಯಾಕೆ ಬಿಸ್ಕತ್ತು ಕೊಡಲು ಬಂದಾಗಲೂ ಹಾಗೇ ಮಾಡಿದಳು, ಆಕೆ ಮುಖ ಚಿಕ್ಕದು ಮಾಡಿಕೊಂಡು ಹೋದಳು. ಶಾಲೆಯಲ್ಲಿ ಆಟದ ಪಿರಿಯಡ್ಡಿಗೆ ಹೋಗಲೊಲ್ಲಳು. ಅವಳ ಗೊಂಬೆಗಳನ್ನೆಲ್ಲ ಒಂದು ದಿನ ತಾನೇ ಡಬ್ಬಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದಳು. ಯಾಕಮ್ಮ ಎಂದರೆ, ಆಡುತ್ತಾ ಇದ್ದರೆ ಯಾರು ಬಂದರೋ ಗೊತ್ತಾಗುವುದಿಲ್ಲ ಎಂದಳು. ನನ್ನ ಮಗಳು ಇದನ್ನು ಕೇಳಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮನೆಯಲ್ಲಿ ಅಳುವುದು ನಾವಿಬ್ಬರು ಮಾತ್ರ ಎಂಬಂತಾಯಿತು.

ಇನ್ನು ಜ್ವರದ ವಿಷಯ. ಬೆಳಿಗ್ಗೆ ಅವಳು ಎದ್ದ ಕೂಡಲೇ ಅಂಗೈ ಹಿಂಬದಿಯನ್ನು ಅವಳ ಹಣೆಗೆ ಇಟ್ಟು ನೋಡುವುದು ನನ್ನ ರೂಢಿ. ಕುತ್ತಿಗೆ ನೋವು, ಚಳಿ, ತಲೆ ಭಾರ, ಏನಿದ್ದರೂ ಮೊದಲೆಲ್ಲ ಅವಳೇ ಬಾಯಿಬಿಟ್ಟು ಹೇಳುತ್ತಿದ್ದಳು, ಅದರಲ್ಲೂ ವಾದ ಮಾಡುತ್ತಿದ್ದಳು. ಕಳೆದ ತಿಂಗಳಿನ ಆ ದಿನ ನಾನು ಏಳುವ ಮೊದಲೇ ಎದ್ದು ಮುಖ ತೊಳೆದುಕೊಂಡಿದ್ದಳು. ಹಣೆ ತಣ್ಣಗಿತ್ತು. ಜಾಣೆ, ತಾನೇ ಎದ್ದು ತಯಾರಾಗಿದ್ದಾಳೆ ಎಂದು ಹೊಗಳಿ ಶಾಲೆಗೆ ಕಳಿಸಿದೆ. ಹಿಂದಿನ ಸಂಜೆಯಿಂದಲೇ ಅವಳಿಗೆ ಜ್ವರ ಇತ್ತೆಂದು ಆಮೇಲೆ ತಿಳಿಯಿತು. ನನ್ನ ಕೈ ಬರುವ ಹೊತ್ತಿಗೆ ಸರಿಯಾಗಿ ನಲ್ಲಿಯ ಕೆಳಗೆ ಮುಖವೊಡ್ಡಿ, ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿಕೊಂಡು ಬಂದಿದ್ದಳು. ಎಂಟು ವರ್ಷದ ಮಗು ನನ್ನ ಕಣ್ಣಿಗೆ ಮಣ್ಣೆರಚಿತು. ಇಂಥ ಬುದ್ಧಿ ಅವಳಿಗೆ ನಾನು ಕಲಿಸಲಿಲ್ಲ, ಅವಳ ತಾಯಿ ಕಲಿಸಲಿಲ್ಲ, ಶಾಲೆಯಲ್ಲೂ ಕಲಿಸುವುದಿಲ್ಲ.

ಮಧ್ಯಾಹ್ನ ಶಾಲೆಯಿಂದ ಕರೆ ಬಂತು. ನಾನು ಹೋದಾಗ ಟೀಚರು ಅವಳನ್ನು ಎರಡು ಬೆಂಚು ಕೂಡಿಸಿ ಮಲಗಿಸಿದ್ದರು. ಮೈ ಕೆಂಡ, ಕೈಕಾಲು ಮಾತ್ರ ಮಂಜುಗಡ್ಡೆ. ಬಾಡಿಗೆ ಕಾರಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಕೊಂಡು, ನಿಮ್ಮ ಆಸ್ಪತ್ರೆಯ ದಾರಿ ಗುರುತು ಹಿಡಿದವಳೇ ಏಳಲು ನೋಡಿದಳು. "ನಂಗೇನೂ ಆಗಿಲ್ಲ ಅಜ್ಜಿ, ಮನೆಗೆ ಹೋಗೋಣ" ಎಂದಳು. ಅದೇ ಮಾತನ್ನು ಮತ್ತೆ ಮತ್ತೆ, ನಾಲಿಗೆ ತೊದಲುವತನಕ ಹೇಳಿದಳು. ಆಮೇಲೆ ಹೇಳಲಿಲ್ಲ.

ನಿಮ್ಮ ವೈದ್ಯರು ಅವಳನ್ನು ಉಳಿಸಿದರು. ಇದನ್ನು ನಾನು ಸ್ಪಷ್ಟವಾಗಿ, ಋಣಭಾವದಿಂದ ಬರೆಯುತ್ತೇನೆ. ಅಂದು ಒಂಟಿ ಕಾಲಲ್ಲಿ ನಿಂತಿದ್ದ ಆ ಹಿರಿಯ ವೈದ್ಯರು ತೀವ್ರ ನಿಗಾ ಘಟಕ ಬಿಟ್ಟು ಮನೆಗೆ ಹೋಗಲಿಲ್ಲ. ಸೋಂಕು ರಕ್ತಕ್ಕೆ ಹರಡಿದೆ, ಮಿದುಳಿನ ಪೊರೆಗೂ ತಗುಲಿದೆ ಎಂದರು, ಹಿಂದಿನ ದಿನವೇ ತಂದಿದ್ದರೆ ಎಂದು ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದರು. ನನ್ನ ಮಗಳು ಕಾರ್ಖಾನೆಯಿಂದ ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ಓಡಿ ಬಂದಿದ್ದಳು. ಗಾಜಿನ ಬಾಗಿಲ ಮುಂದೆ ನಿಂತು, ನನ್ನ ಕಡೆ ನೋಡದೆ, "ಅಮ್ಮ, ನಿಂಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದಳು. ಬೈದು ಕೇಳಿದ್ದಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾವಿಬ್ಬರೂ ಎಷ್ಟೋ ದಿನ ಆ ಬಾಗಿಲ ಮುಂದೆ ಒಬ್ಬರಿಗೊಬ್ಬರು ಆತುಕೊಂಡು ಕೂತಿದ್ದೆವು, ಆದರೆ ಆ ಮಾತು ನಮ್ಮ ನಡುವೆ ಈಗಲೂ ಇದೆ.

ಮೊಮ್ಮಗಳು ಕಣ್ಣು ಬಿಟ್ಟಳು. ಈಗ ವಾರ್ಡಿನಲ್ಲಿದ್ದಾಳೆ, ಗಂಜಿ ಕುಡಿಯುತ್ತಾಳೆ, ಗೋಡೆ ಹಿಡಿದು ನಡೆಯುತ್ತಾಳೆ. ಆ ಸೋಂಕಿನಿಂದ ಅವಳ ಎಡಗಿವಿ ಕೇಳಿಸುವುದಿಲ್ಲ, ಇನ್ನು ಮುಂದೆಯೂ ಕೇಳಿಸುವುದಿಲ್ಲ. ನಿಮ್ಮ ವರದಿಯ ಯಾವ ಕಾಲಮ್ಮಿನಲ್ಲಿ ಇದನ್ನು ಹಾಕುತ್ತೀರೋ ನನಗೆ ತಿಳಿಯದು. ಜ್ವರ ಮುಚ್ಚಿಟ್ಟದ್ದು ಮಗು, ಗಮನಿಸದೆ ಹೋದದ್ದು ಅಜ್ಜಿ, ಆಸ್ಪತ್ರೆಯದೇನು ತಪ್ಪು ಎಂದು ನೀವು ಕೈ ತೊಳೆದುಕೊಳ್ಳಬಹುದು. ಕಾನೂನಿನ ಪ್ರಕಾರ ಅದು ಸರಿಯೂ ಇರಬಹುದು. ಆದರೆ ಜ್ವರ ಬಂದರೆ ಹೇಳಬೇಕು ಎಂದು ನಾವು ವರ್ಷವಿಡೀ ಕಲಿಸಿದ್ದನ್ನು, ಹೇಳಬಾರದು ಎಂದು ಅವಳಿಗೆ ಒಂದೇ ಬೆಳಗಿನಲ್ಲಿ ಕಲಿಸಿದವರು ಯಾರು? ಕಾಯಿಲೆಯ ಮಗುವಿಗೆ ಆಸ್ಪತ್ರೆ ಎಂದರೆ ಒಂದು ಸಲ ಹೋಗಿ ಬರುವ ಜಾಗವಲ್ಲ. ಅವಳು ಅಲ್ಲೇ ಬೆಳೆಯಬೇಕು. ಅವಳ ಬಾಲ್ಯದ ಒಂದು ಪಾಲು ನಿಮ್ಮ ಕಟ್ಟಡದಲ್ಲೇ ಕಳೆಯುತ್ತದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಚಾಪೆಯಷ್ಟು ಜಾಗದಲ್ಲಿ ಯಾರೂ ತನ್ನ ಮೈ ಮುಟ್ಟಬಾರದು ಎಂದು ಅವಳು ಬಯಸಿದರೆ, ಅದು ದುಬಾರಿ ಬೇಡಿಕೆಯೇ?

ನನಗೆ ಬೇಕಾದ್ದನ್ನು ಈಗ ಹೇಳುತ್ತೇನೆ, ನಿಮ್ಮ ಸಹಾಯಕರಿಗೆ ಸುಲಭವಾಗಲೆಂದು ಸರಳವಾಗಿಯೇ ಹೇಳುತ್ತೇನೆ. ಆ ಸುತ್ತೋಲೆಯನ್ನು ವಾಪಸು ಪಡೆಯಿರಿ. ರಬ್ಬರ್ ಹಾಸನ್ನು ತೆಗೆಸಿ ಗೆರೆಯನ್ನು ಹೊರಗೆ ತನ್ನಿ. ಟೋಕನ್ ಕೌಂಟರಿಗೆ ಬೇರೆ ಯಾರಾದರೂ ಸಿಗುತ್ತಾರೆ, ಆಟದಕ್ಕನನ್ನು ಮೇಲೆ ಕಳಿಸಿ. ಚುಚ್ಚುವುದನ್ನು ಚುಚ್ಚುವ ಕೋಣೆಯಲ್ಲೇ ಚುಚ್ಚಿ, ಮೊದಲು ಹೇಳಿ ಚುಚ್ಚಿ, ಯಾವ ಕೈ ಎಂದು ಕೇಳಿ ಚುಚ್ಚಿ, ತಾಯಿಯೋ ಅಜ್ಜಿಯೋ ಪಕ್ಕದಲ್ಲಿರಲಿ. ಅವರು ಅಳುತ್ತಾರೆ. ಅಳಲಿ ಬಿಡಿ, ನಿಮ್ಮ ಕಚೇರಿ ಇರುವುದು ಬೇರೆ ಮಹಡಿಯಲ್ಲಿ. ಬಲೂನು ಬೇಕಿದ್ದರೆ ಇಟ್ಟುಕೊಳ್ಳಿ.

ಇನ್ನೊಂದು ಇದೆ, ಅದು ಆದೇಶದಿಂದ ಆಗುವ ಕೆಲಸವಲ್ಲ. ನೀವೇ ಖುದ್ದಾಗಿ ಮೇಲೆ ಬರಬೇಕು, ಪರಿವಾರವಿಲ್ಲದೆ. ಮಕ್ಕಳೆದುರು ಆ ಚಾಪೆಯ ಮೇಲೆ ಕೂತು, ತಪ್ಪಾಯಿತು, ಇನ್ನು ಇಲ್ಲಿಗೆ ಸೂಜಿ ಬರುವುದಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ನಾನು ಹೇಳಿದರೆ ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂಬುದನ್ನು ಹೇಳಿ ಮುಗಿಸುತ್ತೇನೆ.

ನಿನ್ನೆ ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ಮುಂದೆ ಎಂದಾದರೂ ಮೈ ಬೆಚ್ಚಗಾದರೆ, ಚಳಿಯಾದರೆ, ಆ ಕ್ಷಣವೇ ನನಗೆ ಹೇಳುತ್ತೀಯಲ್ಲವೇ ಎಂದು ಕೇಳಿದೆ. ಅವಳು ಎಷ್ಟೋ ತಿಂಗಳ ನಂತರ ಮೊದಲ ಬಾರಿಗೆ ಒಂದು ಷರತ್ತು ಹಾಕಿದಳು. "ಹೇಳ್ತೀನಿ. ಆದ್ರೆ ನೀನು ಮೊದ್ಲು ಹೇಳು, ನಮ್ಮ ಕೋಣೇಲಿ ಇನ್ಮೇಲೆ ಯಾರೂ ಚುಚ್ಚಲ್ಲ ತಾನೆ?" ಹೀಗೆಂದು, ನನ್ನ ಉತ್ತರ ಕೇಳಿಸಿಕೊಳ್ಳಲು ತನ್ನ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದಳು.

ನಾನು ಬಾಚುವುದನ್ನು ಮುಂದುವರಿಸಿದೆ. ಹೌದು ಎನ್ನಲು ಆ ಅಧಿಕಾರ ನನ್ನದಲ್ಲ, ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಅವಳು ಆ ಕೇಳುವ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿಕೊಂಡಳು. ಆ ಪ್ರಶ್ನೆ ಕೇಳಿದ್ದು ನನ್ನನ್ನಾದರೂ ಉತ್ತರ ಇರುವುದು ನಿಮ್ಮ ಬಳಿ. ದಯವಿಟ್ಟು ಅದನ್ನು ಪರಿಶೀಲನೆಯಲ್ಲಿ ಇಡಬೇಡಿ. ಅವಳಿಗೆ ಮತ್ತೆ ಜ್ವರ ಬಂದೇ ಬರುತ್ತದೆ, ಅದು ಯಾರ ಆದೇಶಕ್ಕೂ ಕಾಯುವುದಿಲ್ಲ. ನಿಮ್ಮ ಉತ್ತರ ಅದಕ್ಕಿಂತ ಮೊದಲು ಬರಲಿ.

ಇಂತಿ,
ದಿನವೂ ಒಂದು ಹಣೆ ಮುಟ್ಟಿ ನೋಡುವ, ಈಗ ತನ್ನ ಕೈಯನ್ನೇ ನಂಬದ
ಒಬ್ಬ ಅಜ್ಜಿ